ಮುದಿ ಕಣ

ಕೋಳಿ ಕೂಗಿದರೆ ಬೆಳಗಾಗುತ್ತದೆ ಎನ್ನುವುದು ಬೇರೆ ಊರಿನ ಮಾತು. ಪಾಮನಕಲ್ಲೂರಿನ ಕೆಳಗಿನ ಓಣಿಯಲ್ಲಿ ಗ್ಯಾನಮ್ಮ ಕೂಗಿದರೇನೇ ಬೆಳಗು. ಆಮೇಲೆ ಕೋಳಿ ಕೂಗಿದರೆ ಕೂಗಲಿ, ಬಿಟ್ಟರೆ ಬಿಡಲಿ.

ಪಾಮನಕಲ್ಲೂರು ಮಳೆಯನ್ನು ನಂಬಿದ ಊರು. ಅಲ್ಲಿನ ಕೂಲಿ ಹೆಂಗಸರಿಗೆ ಸ್ವಂತ ಸೀಮೆಯಲ್ಲಿ ಸಿಗುವ ಕೆಲಸ ಅಷ್ಟಕ್ಕಷ್ಟೇ. ಆದರೆ ಕಾಲುವೆಗೆ ನೀರು ಬಿಟ್ಟರು ಅಂದರೆ ತುರ್ವಿಹಾಳದ ಕಡೆಯ ಗದ್ದೆಗಳೆಲ್ಲ ಒಮ್ಮೆಲೇ ಬಾಯಿ ತೆರೆಯುತ್ತವೆ. ಭತ್ತದ ಸಸಿ ಹಚ್ಚಲು ಕೈ ಬೇಕು, ಇನ್ನಷ್ಟು ಕೈ ಬೇಕು ಎನ್ನುತ್ತವೆ. ಆ ಕೈಗಳನ್ನೆಲ್ಲ ಕೂಡಿಸಿ ಟಂಟಂ ಗಾಡಿಗೆ ಹತ್ತಿಸುವವಳು ಗ್ಯಾನಮ್ಮ. ನಸುಕಿನಲ್ಲಿ ಎದ್ದು, ಸೆರಗನ್ನು ಕಿವಿಗೆ ಸುತ್ತಿ, ಮನೆ ಮನೆಯ ಮುಂದೆ ನಿಂತು ಕೂಗುತ್ತಿದ್ದಳು. ಒಂದೊಂದು ಬಾಗಿಲಿಗೆ ಒಂದೊಂದು ಕೂಗು.

“ಏಳ ಬೇ ಗಂಗೀ, ನಿನ್ನ ಗಂಡನ ಗೊರಕಿಗೆ ಎಮ್ಮಿ ಹಗ್ಗ ಹರಕೊಂಡು ಹೋಗ್ಯಾವ!”

“ಕರೀಮಾ, ಸೂರ್ಯಾ ಮಾನ್ವಿ ದಾಟಿ ಬಂದಾನ, ನೀ ಇನ್ನಾ ಹೊದಿಕಿ ದಾಟಿಲ್ಲೇನು?”

ಒಳಗಿನಿಂದ ಬೈಗುಳ ಹೊರಡುತ್ತಿತ್ತು. “ಈ ಮುದಿಕಿಗಿ ನಿದ್ದಿ ಇಲ್ಲ, ನಮಗೂ ಕೊಡಂಗಿಲ್ಲ” ಎಂದು ಕರೀಮಾಬಿ ಗೊಣಗದ ದಿನವಿಲ್ಲ. ಆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ಗ್ಯಾನಮ್ಮನ ಮೈಗೆ ಬಿಸಿ ಏರುತ್ತಿದ್ದುದು. ಯಾಕೆಂದರೆ ಅವಳ ಗಂಡ ಗದ್ದೆಪ್ಪ ತೀರಿಹೋಗಿ ಎಷ್ಟೋ ವರ್ಷ. ಒಬ್ಬಳೇ ಮಗಳು, ಸಿರವಾರದ ಕಡೆ ಕೊಟ್ಟಾಗಿದೆ, ಅವಳಿಗೆ ಅವಳದೇ ಬಾಳು. ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಮಾತು ಅನ್ನುವುದೇ ಹುಟ್ಟುತ್ತಿರಲಿಲ್ಲ. ನಸುಕಿನ ಕೂಗಿಗೆ ಒಳಗಿನಿಂದ ಬರುವ ಉತ್ತರವೇ ಅವಳ ದಿನದ ಮೊದಲ ಮಾತು.

ಹೀಗಿರುವಾಗ ಕಾಲಿಗೆ ಗಾಯವಾಯಿತು.

ಕರಿಬಸಪ್ಪ ಸಾವ್ಕಾರರ ಹೊಲದ ಮೂಲೆಯಲ್ಲಿ ಹಳೆಯ ಕಣವೊಂದಿದೆ. ಜೋಳದ ತೆನೆಯನ್ನು ಎತ್ತುಗಳಿಂದ ತುಳಿಸಿ, ತೂರಿ, ರಾಶಿ ಮಾಡುತ್ತಿದ್ದ ಜಾಗ. ಗದ್ದೆಪ್ಪ ಕೈಲಾಗುವ ತನಕ ದುಡಿದದ್ದು ಅಲ್ಲಿಯೇ. ಮಷೀನು ಹೊಲಕ್ಕೇ ಬಂದು ಕಾಳು ಬೇರೆ ಮಾಡಿಕೊಟ್ಟು ಹೋಗಲು ಶುರುವಾದ ಮೇಲೆ ಆ ಕಣದ ಕಡೆ ಯಾರೂ ಹೊರಳಿ ನೋಡಲಿಲ್ಲ. ಬಳ್ಳಾರಿ ಜಾಲಿ ಎದ್ದಿತು. ಎತ್ತು ಸುತ್ತುತ್ತಿದ್ದ ನಡುವಿನ ಮೇಟಿ ಕಂಬ ಮುರಿದು ಮೋಟು ಮಾತ್ರ ಉಳಿಯಿತು. ಬೇಸಿಗೆಯಲ್ಲಿ ಉರುವಲಿಗೆ ಜಾಲಿ ಕಡಿಯಲು ಹೋದ ಗ್ಯಾನಮ್ಮ ಆ ಮೋಟಿಗೆ ಎಡವಿ ಬಿದ್ದಳು. ಕಣಕಾಲಿನ ಚರ್ಮ ಕಿತ್ತು ಬಂತು.

ಅರಿಶಿನ ಮೆತ್ತಿದಳು, ಸುಣ್ಣ ಮೆತ್ತಿದಳು, ಯಾರೋ ಹೇಳಿದ ಸೊಪ್ಪು ಜಜ್ಜಿ ಕಟ್ಟಿದಳು. ಮುಂಗಾರು ಬಂತು, ಕಾರಹುಣ್ಣಿಮೆ ಕಳೆಯಿತು, ಗಾಯ ಮಾತ್ರ ಮಾಯಲಿಲ್ಲ. ಅಂಚು ದಪ್ಪಗೆ ಬೆಳ್ಳಗೆ ಕಟ್ಟಿಕೊಂಡು, ನಡುವೆ ಹಸಿ ಹಸಿಯಾಗಿ, ನಿನ್ನೆ ಬಿದ್ದ ಪೆಟ್ಟಿನ ಹಾಗೆ ಕಾಣುತ್ತಿತ್ತು.

ನಾಟಿ ಶುರುವಾದಾಗ ಗ್ಯಾನಮ್ಮ ಗದ್ದೆಗೆ ಇಳಿದಳು. ಕೆಸರಿನಿಂದ ಕಾಲೆತ್ತಿದಾಗ ಪಕ್ಕದಲ್ಲಿದ್ದ ಗಂಗಾ ನೋಡಿಬಿಟ್ಟಳು. ಗಂಗಾ ಅವಳ ಓಣಿಯ ಸೊಸೆ, ಗಟ್ಟಿ ಕೈಯವಳು.

“ಚಿಗವ್ವಾ, ಇದೇನಬೇ ಕಾಲು! ರಾಡ್ಯಾಗ ಇಳಿಬ್ಯಾಡ ನೀ. ಮಾಯೋತನಕ ಮನ್ಯಾಗಿರು.”

“ಮನ್ಯಾಗಿದ್ದು ಏನ ಮಾಡ್ಲಿ, ಗ್ವಾಡಿ ಜೋಡಿ ಮಾತಾಡ್ಲೇನು?”

“ಗ್ವಾಡಿ ಎದುರು ಮಾತಾಡಂಗಿಲ್ಲ, ನಿನಗ ಅದ ಚೊಲೋ” ಎಂದು ಇನ್ನೊಬ್ಬಳು ಅಂದಳು. ಸಾಲಿಗೆ ಸಾಲೇ ನಕ್ಕಿತು. ಗ್ಯಾನಮ್ಮನೂ ನಕ್ಕಳು. ಮರುದಿನ ಟಂಟಂ ಅವಳನ್ನು ಬಿಟ್ಟು ಹೋಯಿತು.

ಆದರೆ ಅವಳು ಕೂಗುವುದನ್ನು ಬಿಡಲಿಲ್ಲ. ಗದ್ದೆಗೆ ಬರಬೇಡ ಅಂದಿದ್ದಾರೆ, ಕೂಗಬೇಡ ಅಂದಿಲ್ಲವಲ್ಲ! ಕುಂಟುತ್ತಾ ಓಣಿ ಸುತ್ತಿ ಎಲ್ಲರನ್ನೂ ಎಬ್ಬಿಸಿ, ಬೈಸಿಕೊಂಡು, ಗಾಡಿ ಹತ್ತಿಸಿ ಮನೆಗೆ ಬರುತ್ತಿದ್ದಳು. ಅಲ್ಲಿಂದ ಮುಂದೆ ದಿನ ಎನ್ನುವುದು ಉದ್ದಕ್ಕೆ ಬಿದ್ದುಕೊಂಡಿರುತ್ತಿತ್ತು. ಒಬ್ಬಳ ಹೊಟ್ಟೆಗೆ ಎರಡು ರೊಟ್ಟಿ ಸಾಕು. ಮನೆಯಲ್ಲಿ ಸದ್ದಿರಲಿ ಎಂದು ಮತ್ತೊಂದು ಬಡಿಯುತ್ತಿದ್ದಳು. ಅದನ್ನು ತಿನ್ನುವವರಿಲ್ಲದೆ ಸಂಜೆಗೆ ಮುರಿದು ಎಮ್ಮೆಗೆ ಹಾಕಿ ಬರುತ್ತಿದ್ದಳು, ಅದೂ ಗಂಗಾಳ ಮನೆಯ ಎಮ್ಮೆ.

ಕಡೆಗೆ ಒಂದು ದಿನ ಬಸ್ಸು ಹತ್ತಿ, ಮಸ್ಕಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದಳು. ಅಲ್ಲಿ ನಿಶಾತ್ ಎಂಬ ಡಾಕ್ಟರಮ್ಮನ ಸಣ್ಣ ದವಾಖಾನೆ. ಕೈ ಮೃದು, ಬಾಯಿ ಚುರುಕು ಎಂದು ಜನ ಹೇಳುತ್ತಿದ್ದರು. ಅಂದು ಜಾತ್ರೆಯಂಥ ಗದ್ದಲ.

“ಎಲ್ಲಿ ಬಡಿಸ್ಕೊಂಡಿ ಅಮ್ಮಾ?”

“ಕಣದಾಗ್ರಿ. ಹಳೇ ಕಣ.”

ಡಾಕ್ಟರಮ್ಮ ಬೆರಳಿನ ರಕ್ತ ನೋಡಿದಳು, ಗಾಯದ ಅಂಚನ್ನು ಮೆಲ್ಲಗೆ ಒತ್ತಿದಳು. ಹಿಂದೆ ನಿಂತ ಮಂದಿ ನೂಕಾಡುತ್ತಿದ್ದರು.

“ಸಕ್ಕರಿ ಐತಿ ನಿನಗ. ಅದಕ್ಕ ಇದು ಮಾಯವಲ್ಲದು. ಕಣ ಮುದಿಯಾಗ್ಯಾವ. ಕೆಲಸಾನೂ ಮಾಡವಲ್ಲವು, ಸಾಯವಲ್ಲವು. ಸುಮ್ನ ಕುಂತು ಬಾಜೂದ್ದನ್ನೂ ಕೆಡಸಾಕತ್ತಾವ. ಕೆರೆದು ಹಸನ ಮಾಡಬೇಕು. ಗುಳಿಗಿ ತಗೋ, ಕಾಲು ಮ್ಯಾಲಿಟ್ಟು ಕುಂದ್ರು, ಮುಂದಿನ ವಾರ ಬಾ.”

ಗ್ಯಾನಮ್ಮ ಪಟ್ಟಿ ಕಟ್ಟಿಸಿಕೊಂಡು, ಕೈ ಮುಗಿದು ಹೊರಗೆ ಬಂದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಮಾತನ್ನು ಮತ್ತೆ ಮತ್ತೆ ಹೊರಳಿಸಿದಳು. ಕಣ ಮುದಿಯಾಗ್ಯಾವ. ಹೌದಲ್ಲ! ಒಂದಲ್ಲ, ‘ಆಗ್ಯಾವ’ ಅಂದಳು. ಸುತ್ತೂರಿನ ಕಣಗಳೆಲ್ಲ ಹಾಗೇ ಬಿದ್ದಿವೆ. ರಾಶಿ ಕಾಣದೆ, ಪೂಜೆ ಕಾಣದೆ, ಹೊಲವೂ ಅಲ್ಲ, ಬಯಲೂ ಅಲ್ಲ ಎಂಬಂತೆ ಕುಳಿತಿವೆ. ಅಂಥ ಕಣವನ್ನು ಕೊಡಲಿ ಹಿಡಿದು ತುಳಿದವಳು ತಾನು. ಅದು ಸುಮ್ಮನೆ ಬಿಟ್ಟೀತೇ? ಅಲ್ಲಿ ಬಿದ್ದ ಪೆಟ್ಟು ಅಲ್ಲಿಯೇ ಮಾಯಬೇಕು. ಓದಿದ ಹುಡುಗಿಯಾದರೂ ಡಾಕ್ಟರಮ್ಮ ಕಣದ ಮರ್ಮ ಬಲ್ಲವಳು ಎಂದು ಗ್ಯಾನಮ್ಮನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಮರುದಿನವೇ ಕರಿಬಸಪ್ಪನವರ ಕಟ್ಟೆಯ ಮುಂದೆ ನಿಂತಳು.

“ಸಾವ್ಕಾರ್ರ, ನಿಮ್ಮ ಹಳೇ ಕಣ ಒಮ್ಮಿ ಕೆರೀಲೇನ್ರಿ?”

“ಯಾಕಬೇ, ಗದ್ದೆಪ್ಪ ರಾಶಿ ಮಾಡಾಕ ಎದ್ದು ಬರ್ತೀನಿ ಅಂದಾನೇನು?”

“ಅವ ಬಂದ್ರ ಮೊದಲ ನಿಮ್ಮನ್ನ ಕೇಳ್ತಾನ್ರಿ, ಮೇಟಿ ಯಾರು ಮುರಿಯಾಕ ಬಿಟ್ರು ಅಂತ.”

ಕರಿಬಸಪ್ಪ ನಕ್ಕು, “ಕೆರಕೋ ಹೋಗು. ಹಂಗ ಜಾಲಿನೂ ಒಯ್ಯಿ” ಅಂದರು. ಯಾಕೆ ಎಂದು ಕೇಳಲಿಲ್ಲ.

ಗ್ಯಾನಮ್ಮ ಸಲಿಕೆ ಹಿಡಿದಳು. ಜಾಲಿ ಕಿತ್ತಳು, ಮೇಲಿನ ಮಣ್ಣು ಕೆರೆದಳು, ನೀರು ಚಿಮುಕಿಸಿ ಬರಿಗಾಲಿನಲ್ಲಿ ತುಳಿದು ಗಟ್ಟಿ ಮಾಡಿದಳು. ಕಣದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಅದು ಹಿರಿಯರ ಕಟ್ಟಳೆ. ಆಮೇಲೆ ಸಗಣಿ ಕದಡಿ ಸಾರಿಸತೊಡಗಿದಳು. ಪಟ್ಟಿ ತೊಯ್ದು ಜಾರಿ ಬಿತ್ತು. ಹಳೆಯ ಸೀರೆಯ ಚೂರು ಹರಿದು ಕಟ್ಟಿಕೊಂಡಳು. ಆ ದಿನಗಳಲ್ಲಿ ಅವಳಿಗೆ ಒಂಟಿ ಅನ್ನಿಸಲಿಲ್ಲ. ಸಲಿಕೆಗೆ ಕಲ್ಲು ತಾಗಿದರೆ, “ಇದನ್ನ ನೀನ ಹೂತಿದ್ದಿ, ನೋಡು” ಎಂದು ಗದ್ದೆಪ್ಪನನ್ನು ಬೈಯುತ್ತಿದ್ದಳು.

ಒಂದು ಸಂಜೆ ಕರಿಬಸಪ್ಪ ಆ ಕಡೆ ಬಂದವರು ಕಣದ ನಡುವೆ ನಿಂತು ಕೇಳಿದರು, “ಮುಗೀತೇನಬೇ?”

“ಅಯ್ಯ, ಕಣದಾಗ ನಿಂತು ಆ ಮಾತ ಆಡಬ್ಯಾಡ್ರಿ ಸಾವ್ಕಾರ್ರ, ರಾಶಿ ಮುಗದು ಹೋಗತೈತಿ. ಹೆಚ್ಚಿತೇನು ಅನ್ರಿ.”

ಕರಿಬಸಪ್ಪ ತಮ್ಮ ಕಾಲು ನೋಡಿಕೊಂಡರು. ಹಿಂದೆ ಸರಿದು ಚಪ್ಪಲಿ ಬಿಟ್ಟು ಬಂದರು. “ಮರತ ಹೋಗಿತ್ತು ನೋಡು. ಹೆಚ್ಚಿತೇನು?”

“ಹೆಚ್ಚೇತ್ರಿ.”

ಅವರು ಹೋದ ಮೇಲೆ ಗ್ಯಾನಮ್ಮ ಅಂಚಿನಲ್ಲಿ ಕುಳಿತಳು. ಕಣ ಕನ್ನಡಿಯಂತೆ ಹಸನಾಗಿತ್ತು. ಹಾಕಲು ತೆನೆಯಿಲ್ಲ, ಕಟ್ಟಲು ಎತ್ತಿಲ್ಲ, ತೂರುವವರಿಲ್ಲ. ಗಾಳಿ ಒಂದೇ ಬಂದು ಸುತ್ತಿ ಹೋಯಿತು. ಇನ್ನು ಮಾಯುತ್ತದೆ ಅಂದುಕೊಂಡು ಕಾಲು ನೀವಿಕೊಂಡಳು. ಮುಟ್ಟಿದರೆ ಕಾಲು ಕೆಂಡವಾಗಿತ್ತು.

ಮರುದಿನ ನಸುಕಿನಲ್ಲಿ ಜ್ವರದಲ್ಲೇ ಎದ್ದು ಹೊರಟಳು. ಗಂಗಾಳ ಬಾಗಿಲಿಗೆ ಬರುವಷ್ಟರಲ್ಲಿ ಕೂಗು ಗಂಟಲಲ್ಲೇ ಒಡೆಯಿತು. ಗೋಡೆ ಹಿಡಿದು ಕುಸಿದಳು. ಗಂಗಾ ಹೊರಗೆ ಬಂದು ನೋಡಿ, ಅಂದಿನ ಕೆಲಸ ಬಿಟ್ಟು, ಅವಳನ್ನು ಹೆಗಲಿಗೆ ಆನಿಸಿಕೊಂಡು ಲಿಂಗಸುಗೂರಿನ ಹಾದಿ ಹಿಡಿದಳು.

ಸೀರೆಯ ಚೂರು ಬಿಚ್ಚಿದ ನಿಶಾತ್ ಹುಬ್ಬು ಗಂಟಿಕ್ಕಿದಳು.

“ಅಮ್ಮಾ, ಗಾಯದಾಗ ಸಗಣಿ ಹೆಂಗ ಬಂತು?”

“ಕಣ ಸಾರಿಸಿದೆ ಅಲ್ರೀ.”

“ಯಾವ ಕಣ?”

“ಅಯ್ಯ, ನೀವ ಹೇಳಿದ್ರಲ್ರಿ! ಕಣ ಮುದಿಯಾಗ್ಯಾವ, ಕೆರೆದು ಹಸನ ಮಾಡಬೇಕಂತ. ಕೆರದೆ. ಹಸನ ಮಾಡಿದೆ. ಸಾವ್ಕಾರ್ರನ್ನ ಕೇಳೇ ಮಾಡೀನ್ರಿ, ಸುಳ್ಳಲ್ಲ.”

ಗಂಗಾ ಸೆರಗು ಬಾಯಿಗಿಟ್ಟುಕೊಂಡು ನಕ್ಕೇ ನಕ್ಕಳು. ಪಟ್ಟಿ ಕಟ್ಟುವ ಸಿಸ್ಟರು ಗೋಡೆ ಕಡೆ ತಿರುಗಿದಳು. ನಿಶಾತಳಿಗೂ ನಗು ಬಂತು, ಆದರೆ ಗ್ಯಾನಮ್ಮನ ಮುಖ ನೋಡಿ ನಿಂತುಹೋಯಿತು.

“ತಪ್ಪು ನಂದೈತಿ ಅಮ್ಮಾ. ಗಡಿಬಿಡಿಯಾಗ ಅರ್ಧಾ ಹೇಳಿ ಕಳಿಸಿದೆ. ನಾ ಹೇಳಿದ್ದು ಹೊಲದಾಗಿನ ಕಣ ಅಲ್ಲ, ಮೈಯಾಗಿನ ಕಣ.”

“ಮೈಯಾಗೂ ಕಣ ಇರತೈತೇನ್ರಿ?”

ನಿಶಾತ್ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತು, ಗಾಯ ತೊಳೆಯುತ್ತಾ ಹೇಳತೊಡಗಿದಳು.

“ಮೈ ಅಂದ್ರ ಕಣ್ಣಿಗಿ ಕಾಣದಂಥಾ ಸಣ್ಣ ಸಣ್ಣ ಜೀವ ಕೂಡಿ ಆಗಿದ್ದು. ಅವಕ್ಕ ಜೀವಕಣ ಅಂತೀವಿ. ಒಂದು ಒಡೆದು ಎರಡಾಗತೈತಿ, ಎರಡು ನಾಕಾಗತಾವ, ಹಂಗ ಗಾಯ ತುಂಬಕೊಂಡು ಬರತೈತಿ. ಒಡೆದು ಒಡೆದು ದಣಿದ ಕಣ, ಪೆಟ್ಟು ತಿಂದ ಕಣ, ಒಂದಿನ ಒಡೆಯೋದು ನಿಲ್ಲಸ್ತೈತಿ. ನಿಲ್ಲಸೋದ ಚೊಲೋ, ಕೆಟ್ಟ ಕಣ ಒಡೀತಾ ಹೋದ್ರ ಕ್ಯಾನ್ಸರ್ ಆಗಬಹುದು.”

“ಆಮ್ಯಾಲ ಸಾಯ್ತಾವೇನ್ರಿ?”

“ಸಾಯಂಗಿಲ್ಲ, ಅದ ತೊಂದರಿ. ಉಣ್ಕೋತ ಕುಂದರ್ತಾವ, ಕುಂತಲ್ಲೇ ಕೂಗ್ತಾವ. ಕೂಗೋದು ಅಂದ್ರ ಬಾಯಿಲಿಂದಲ್ಲ, ಏನೇನೋ ರಸಾ ಬಿಡ್ತಾವ. ಆ ರಸಕ್ಕ ಬಾಜೂ ಜಾಗಾ ಊದತೈತಿ, ಬಾಜೂದ ಎಳೇ ಕಣಾನೂ ಮುದಿಯಾಗ್ತಾವ. ಮೊಣಕಾಲ ಕೀಲಿನ್ಯಾಗ ಇಂಥಾವು ಕೂಡಿದ್ರ ಮೊಣಕಾಲ ಬ್ಯಾನಿ. ಎದ್ಯಾಗ ಕೂಡಿದ್ರ ದಮ್ಮು. ರಕ್ತದ ನಾಳದಾಗ ಕೂಡಿದ್ರ ನಾಳ ಬಿರುಸಾಗತೈತಿ. ಎಲ್ಲಾ ಜಡ್ಡೂ ಇವುಗಳಿಂದನ ಅಂತಲ್ಲ, ಆದ್ರ ನಮಗ ವಯಸ್ಸಾಗೋದ್ರಾಗ ಇವುಗಳದೂ ಒಂದು ಕೈ ಐತಿ.”

ಗ್ಯಾನಮ್ಮ ಗಾಯದ ಕಡೆ ಬಾಗಿ ನೋಡಿದಳು. ಗಂಗಾಳ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ.

“ಹುಟ್ಟಿನಿಂದಾನ ಕೆಟ್ಟಾವೇನ್ರಿ ಅವು?”

“ಇಲ್ಲಮ್ಮ. ಹೊಸಾದಾಗಿ ಗಾಯ ಆದಾಗ ಇಂಥಾವ ಬೇಕು. ಅವ ಕೂಗಿ ಬಾಜೂದವನ್ನ ಕರೀತಾವ, ಬರ್ರಿ, ಇಲ್ಲಿ ಹರದೈತಿ, ತುಂಬರ್ರಿ ಅಂತ. ಕರೆದ ಮ್ಯಾಲ ಅವು ಹೋಗಬೇಕು. ಗುಡಿಸಿ ಹೊರಗ ಹಾಕಾಕ ಬ್ಯಾರೆ ಕಾವಲು ಕಣ ಇರ್ತಾವ. ಎಳೇ ಮೈಯಾಗ ಲಗೂನ ಗುಡಿಸ್ತಾವ. ವಯಸ್ಸಾದ ಮೈಯಾಗ, ಸಕ್ಕರಿ ಇದ್ದ ಮೈಯಾಗ, ಆ ಕಸಬರಿಗಿ ಸವೆದಿರತೈತಿ. ಹಂಗಾಗಿ ಇವು ಉಳಕೊಂಡು ಬಿಡ್ತಾವ.”

“ಅವಕ್ಕ ಗೊತ್ತಿರತೈತೇನ್ರಿ, ಹೊತ್ತಾತು, ಇನ್ನ ಹೋಗಬೇಕು ಅಂತ?”

ನಿಶಾತ್ ತಲೆಯೆತ್ತಿ ಅವಳನ್ನು ನೋಡಿದಳು. “ಇಲ್ಲಮ್ಮ. ಅವಕ್ಕ ಕೂಗೋದಷ್ಟ ಗೊತ್ತು.”

ಗಂಗಾ ನಗುವುದನ್ನು ಬಿಟ್ಟಳು.

ಸೂಜಿ ಚುಚ್ಚಿ ಜಾಗ ಜೋಮು ಹಿಡಿಸಿ, ನಿಶಾತ್ ಆ ಬೆಳ್ಳನೆಯ ದಪ್ಪ ಅಂಚನ್ನು ಕೆರೆದು ತೆಗೆದಳು. ಕೆಳಗೆ ತಾಜಾ ರಕ್ತ ಜಿನುಗಿತು. “ಇಂಥಾ ಕಣಾ ಹುಡುಕಿ ತೆಗಿಯೋ ಔಷಧಾ ದೊಡ್ಡ ದೊಡ್ಡವರು ಹುಡುಕಾಕತ್ತಾರ. ನಮ್ಮ ಕೈಗಿ ಇನ್ನಾ ಬಂದಿಲ್ಲ. ಸದ್ಯಕ್ಕ ಈ ಚಾಕು, ಪಟ್ಟಿ, ಗುಳಿಗಿ. ಉಳಿದದ್ದು ನಿನ್ನ ಕೈಯಾಗ, ಕಾಲಿಗಿ ಆರಾಮ ಕೊಡಬೇಕು. ಕೊಡ್ತೀ ಹೌದಿಲ್ಲೋ?”

“ಹೂಂನ್ರಿ.”

“ಸುಳ್ಳ್ರೀ ಮೇಡಂ!” ಎಂದಳು ಗಂಗಾ. “ನಸುಕಿನ್ಯಾಗ ಎದ್ದು ಕುಂಟಕೋತ ಮನಿ ಮನಿ ತಿರುಗಿ ನಮ್ಮನ್ನ ಎಬ್ಬಸ್ತಾಳ್ರಿ. ದಿನಾ. ತಾ ಗದ್ದಿಗಿ ಬರಂಗಿಲ್ಲ, ಏನಿಲ್ಲ.”

ಗ್ಯಾನಮ್ಮ ನೆಲ ನೋಡಿದಳು, ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ.

“ಅಮ್ಮಾ,” ನಿಶಾತ್ ಮೆಲ್ಲಗೆ ಅಂದಳು, “ರಾತ್ರಿ ಹುಟ್ಟಿದ ಹೊಸಾ ಕಣ ನೀ ಮುಂಜಾನಿ ತಿರುಗಿದ್ರ ಅಲ್ಲೇ ಹರೀತಾವ. ಹಿಂಗ ಆದ್ರ ಒಂದಿನ ಕಾಲಿಗಿ ಸಂಚಕಾರ. ಕೂಗೋದು ಬೇಕೋ, ಕಾಲು ಬೇಕೋ, ನೀನ ಹೇಳು.”

ಗ್ಯಾನಮ್ಮ ಗುಳಿಗೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ತಿರುಗಿ ಬರುವಾಗ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಗಂಗಾ ಚಹಾ ತಂದುಕೊಟ್ಟಳು. “ಚಿಗವ್ವಾ, ನಾಳಿಲಿಂದ ನಾ ಎಲ್ಲಾರಿಗೂ ಫೋನು ಹಚ್ತೀನಿ. ಎಲ್ಲಾರ ಮನ್ಯಾಗೂ ಫೋನು ಅದಾವ. ನೀ ಏಳಬ್ಯಾಡ.”

“ಅಷ್ಟ ಹಗೂರ ಐತೇನು?”

“ಒಂದು ಬಟನ್ನು ಬೇ.”

ಗ್ಯಾನಮ್ಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಇಷ್ಟು ವರ್ಷ ಒಂದು ಬಟನ್ನಿನ ಕೆಲಸಕ್ಕೆ ತಾನು ಊರು ಸುತ್ತಿದೆನಲ್ಲ ಎಂದು ನಗು ಬರುವಂತಾಯಿತು. ಇವರೆಲ್ಲರ ಹತ್ತಿರ ಎಂದಿನಿಂದ ಫೋನುಗಳಿದ್ದವು? ಎಷ್ಟು ದಿನದಿಂದ ತನ್ನ ಕೂಗು ಬೇಡವಾಗಿತ್ತು, ಹೇಳದೆ ಸುಮ್ಮನಿದ್ದರು? ಅವರು ಹೇಳಲಿಲ್ಲ, ತನಗೆ ತಿಳಿಯಲಿಲ್ಲ. ಚಹಾ ಆರಿಹೋಯಿತು. ಗಂಗಾ ಲೋಟ ಕಸಿದು, “ಕುಡಿಬೇ, ಯಾರರ ಸತ್ತಾರೇನು?” ಅಂದಳು.

ಮರುದಿನ ನಸುಕಿಗೆ ಎಂದಿನಂತೆ ಎಚ್ಚರವಾಯಿತು. ಮೈ ತಾನಾಗಿ ಎದ್ದು ಕುಳಿತಿತು, ಕೈ ತಾನಾಗಿ ಸೆರಗನ್ನು ಕಿವಿಗೆ ಸುತ್ತಿತು. ಕಾಲು ಕೆಳಗಿಡುವ ಮುಂಚೆ ಗ್ಯಾನಮ್ಮ ನಿಂತಳು. ಜೋಳದ ಚೀಲವೊಂದನ್ನು ಎಳೆದುಕೊಂಡು ಅದರ ಮೇಲೆ ಕಾಲಿಟ್ಟು, ಬಾಗಿಲು ತೆರೆದುಕೊಂಡೇ ಕುಳಿತಳು. ಓಣಿಯಲ್ಲಿ ಒಂದು ಫೋನು ಹಾಡಿತು. ಇನ್ನೊಂದು ಗುರುಗುಟ್ಟಿತು. ಬೈಗುಳವಿಲ್ಲ, ನಗುವಿಲ್ಲ. ಹೆಂಗಸರು ಒಬ್ಬೊಬ್ಬರೇ ಬುತ್ತಿ ಹಿಡಿದು ಅವಳ ಬಾಗಿಲು ದಾಟಿದರು. ಮಲಗಿರಬಹುದೆಂದು ಮೆಲ್ಲಗೆ ಹೆಜ್ಜೆ ಇಟ್ಟರು. ಒಳಗಿನ ಕತ್ತಲೆಯಲ್ಲಿ ಅವಳು ಕಾಣಲಿಲ್ಲ. ಟಂಟಂ ಸದ್ದು ಕೆರೆಯ ಕಡೆ ಹೋಗಿ ಅಡಗಿತು.

ಬಿಸಿಲು ಬಿದ್ದ ಮೇಲೆ ಯಾರೋ ದಬದಬ ಬಂದರು. ಕರೀಮಾಬಿ. ತಲೆ ಕೆದರಿದೆ, ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ.

“ಏ ಗ್ಯಾನೀ! ಸತ್ತೀಯೇನು?”

“ಇಲ್ಲ ಬೇ.”

“ಮತ್ತ ಯಾಕ ಕೂಗಲಿಲ್ಲ? ಗಾಡಿ ಹೋತು, ನಾ ಇಲ್ಲೇ ಉಳಿದೆ!”

“ಗಂಗಿ ಫೋನು ಹಚ್ಚೀನಿ ಅಂದಿದ್ಲಲ್ಲ.”

“ಹಚ್ಚಿದ್ಲು. ಹಾಡತಿತ್ತು ಅದು. ಹಾಡಿಗಿ ಯಾರರ ಏಳ್ತಾರೇನು? ನಿದ್ದಿ ಮತ್ತಿಷ್ಟು ಚೊಲೋ ಹತ್ತಿತು. ನೀ ಬೈದ್ರ ಎಚ್ಚರಾಗತೈತಿ ನನಗ.” ಕರೀಮಾಬಿ ಸೊಂಟಕ್ಕೆ ಕೈಯಿಟ್ಟಳು. “ನಾಳಿ ಕೂಗ್ತೀಯೋ ಇಲ್ಲೋ?”

ಗ್ಯಾನಮ್ಮನ ಬಾಯಿಗೆ ‘ಹೂಂ’ ಬಂದೇಬಿಟ್ಟಿತ್ತು. ಚೀಲದ ಮೇಲೆ ಚಾಚಿದ್ದ ಕಾಲನ್ನು ನೋಡಿದಳು, ಬಿಳಿಯ ಪಟ್ಟಿಯನ್ನು ನೋಡಿದಳು.

“ಇಲ್ಲ ಬೇ ಕರೀಮಾ. ನಾಳಿಲಿಂದ ನೀನ ಏಳು.”

ಕರೀಮಾಬಿ ಇನ್ನೇನೋ ಬೈಯಲು ಬಾಯಿ ತೆರೆದವಳು, ಬೈಯಲಿಲ್ಲ. ಮೂಲೆಯ ಕೊಡದಿಂದ ಒಂದು ಚೊಂಬು ನೀರು ತುಂಬಿ ಗ್ಯಾನಮ್ಮನ ಕೈಗೆಟುಕುವಲ್ಲಿ ಇಟ್ಟಳು. “ಬರ್ತೀನಿ, ಹತ್ತಿ ಹೊಲದಾಗ ಕಸಾ ತೆಗಿಯಾಕರ ಕರೀತಾರೇನೋ ನೋಡ್ತೀನಿ” ಎಂದು ಹೊರಟುಹೋದಳು.

ಆಮೇಲೆ ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಕೆಳಗೆ ಸಣ್ಣಗೆ ತುರಿಕೆ ಎದ್ದಿತು. ಮೊದಲು ಇರುವೆ ಅಂದುಕೊಂಡಳು. ಇರುವೆಯಲ್ಲ. ಮಾಯುವ ಗಾಯ ತುರಿಸುತ್ತದೆ ಎನ್ನುವುದು ಊರಿನ ಕೂಸಿಗೂ ಗೊತ್ತು. ಗ್ಯಾನಮ್ಮ ತಟ್ಟನೆ ಬಾಗಿಲ ಕಡೆ ತಿರುಗಿದಳು, ಯಾರಿಗಾದರೂ ಹೇಳಬೇಕೆಂದು. ಓಣಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಕೆರೆದುಕೊಳ್ಳದಂತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿ ಹಿಡಿದು, ಸಂಜೆಯ ಟಂಟಂ ಬರುವುದನ್ನೇ ಕಾಯುತ್ತಾ ಕುಳಿತಳು.